ಸೌಟು ಯಾರ ಕೈಯಲ್ಲಿ? ಒಂದು ಶಾಲೆಯ ಬಿಸಿಯೂಟದ ಪ್ರಕರಣ

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು ಇದು. ಆಗ ನಾನು ಅಲ್ಲಿ ಪ್ರಭಾರ ಮುಖ್ಯ ಶಿಕ್ಷಕಿ. ಊರಿನ ಹೆಸರು, ವರ್ಷ ಎರಡನ್ನೂ ಬಿಟ್ಟಿದ್ದೇನೆ. ಮಕ್ಕಳ ಲೆಕ್ಕದಲ್ಲಿ ಒಂದೆರಡು ಆಚೀಚೆ ಮಾಡಿದ್ದೇನೆ. ಅಡುಗೆ ಮಾಡುವ ಹೆಣ್ಣುಮಗಳನ್ನು ಮಕ್ಕಳು ಕರೆಯುತ್ತಿದ್ದ ಹಾಗೆ ‘ಊಟದವ್ವ’ ಅಂತಲೇ ಬರೆಯುತ್ತೇನೆ. ಇದನ್ನು ಬರೆಯಬಹುದಾ ಅಂತ ಅವರನ್ನೇ ಕೇಳಿದ್ದೆ. “ಬರೀರಿ ಅಕ್ಕೋರ. ನಿಮ್ಮ ಡಬ್ಬಿ ವಿಷಯಾನೂ ಬರೀರಿ” ಅಂದರು. ಅದನ್ನೂ ಬರೆಯುತ್ತೇನೆ.

ಶಾಲೆ ಮತ್ತು ಅಡುಗೆಮನೆ

ಊರು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಭತ್ತದ ಊರು. ಒಂದರಿಂದ ಏಳನೇ ತರಗತಿವರೆಗೆ 112 ಮಕ್ಕಳು, ಐದು ಜನ ಶಿಕ್ಷಕರು. 112ರಲ್ಲಿ 31 ಮಕ್ಕಳು ದಲಿತ ಕೇರಿಯವರು. ನಾನು ಕೇರಿಯವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದರೆ ನನಗೆ ಏನು ಕಾಣಲಿಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ.

ಬಿಸಿಯೂಟ ನಮ್ಮ ಭಾಗಕ್ಕೆ ಹೊಸದೇನಲ್ಲ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶ ಮಾಡಿತು. 2002ರ ಜೂನ್‌ನಲ್ಲಿ ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಶುರುವಾದದ್ದೇ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಈ ಕಡೆಯ 7 ಜಿಲ್ಲೆಗಳಲ್ಲಿ. 2004ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು: ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕು. ಅಷ್ಟು ದೊಡ್ಡ ಕೋರ್ಟು ಒಲೆಯ ಮುಂದೆ ಯಾರು ನಿಲ್ಲಬೇಕು ಅಂತ ಯಾಕೆ ಹೇಳಬೇಕಾಯಿತು ಅಂತ ನನಗೆ ಆಗ ಅನ್ನಿಸಿರಲಿಲ್ಲ. ಸುತ್ತೋಲೆಯಲ್ಲಿ ಓದಿ ಮುಂದಕ್ಕೆ ಹೋಗಿದ್ದೆ.

ನಮ್ಮಲ್ಲಿ ಮೂವರು ಅಡುಗೆಯವರು. ಊಟದವ್ವ ಕೇರಿಯವರು. ಗಂಡ ತೀರಿಕೊಂಡಿದ್ದಾರೆ, ಮಗಳು ನಮ್ಮದೇ ಶಾಲೆಯಲ್ಲಿ ಐದನೇ ತರಗತಿ. ನಾಲ್ಕು ವರ್ಷ ಅವರು ಸಹಾಯಕಿಯಾಗಿದ್ದರು. ಬೆಳಿಗ್ಗೆ ಬಂದು ನೀರು ಕಾಯಿಸಿ ಹಾಲಿನ ಪುಡಿ ಕಲಸುವುದು, ಕಾಯಿಪಲ್ಯ ಹೆಚ್ಚುವುದು, ಅಕ್ಕಿ ತೊಳೆಯುವುದು, ಊಟ ಆದ ಮೇಲೆ ಬೋಗಾಣಿ ತಿಕ್ಕುವುದು, ಎಲ್ಲಾ ಅವರದೇ. ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲನ್ನು ಅವರು ಗಂಟು ಇಲ್ಲದ ಹಾಗೆ ಕಲಸುತ್ತಿದ್ದರು. ಎಲ್ಲಾ ಮಕ್ಕಳೂ ಕುಡಿಯುತ್ತಿದ್ದರು.

ಮುಖ್ಯ ಅಡುಗೆಯವರಿಗೆ 60 ಆಯಿತು, ಬಿಟ್ಟರು. ಮೂವರಲ್ಲಿ ಹಳಬರು ಊಟದವ್ವ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅವರನ್ನೇ ಮುಖ್ಯ ಅಡುಗೆಯವರನ್ನಾಗಿ ಮಾಡಿದೆವು. ಎಲ್ಲರೂ ಸಹಿ ಹಾಕಿದರು. ಸಭೆ ಹತ್ತು ನಿಮಿಷವೂ ನಡೆಯಲಿಲ್ಲ.

ಡಬ್ಬಿಗಳು ಬಂದವು

ಮೊದಲ ವಾರ ಏನೂ ಆಗಲಿಲ್ಲ. ಊಟದವ್ವನಿಗೆ ಒಂದು ರೂಢಿ ಇತ್ತು. ಅಡುಗೆ ಇಳಿಸಿದ ಮೇಲೆ ಸೌಟಿನಿಂದ ಬೋಗಾಣಿಯ ಅಂಚಿಗೆ ಎರಡು ಸಲ ಟಣ್ ಟಣ್ ಅಂತ ಬಡಿಯುವುದು. ಆ ಸದ್ದಿಗೆ ಮಕ್ಕಳು ಗಂಟೆಯನ್ನೂ ಕಾಯದೆ ತಾಟು ಹಿಡಿದು ಓಡುತ್ತಿದ್ದರು.

ಎರಡನೇ ವಾರ ನಾಲ್ಕು ಡಬ್ಬಿ ಕಂಡವು. ಆಮೇಲೆ ಹನ್ನೆರಡು. ಮೂರನೇ ವಾರದ ಹೊತ್ತಿಗೆ ವರಾಂಡದ ಒಂದು ಕಡೆ ಡಬ್ಬಿಯವರ ಸಾಲು, ಇನ್ನೊಂದು ಕಡೆ ತಾಟಿನವರ ಸಾಲು. ತಂದೆತಾಯಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಖಾರ ಜಾಸ್ತಿ. ಹುಡುಗನಿಗೆ ಹೊಟ್ಟೆನೋವು. ಅಡುಗೆಮನೆ ಸ್ವಚ್ಛ ಇಲ್ಲ. ಅನ್ನ ಮುದ್ದೆ ಆಗುತ್ತದೆ. ಜಾತಿ ಅನ್ನುವ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ.

ಒಂದು ಸಂಜೆ ಊಟದವ್ವ ಬಾಗಿಲಲ್ಲಿ ನಿಂತು ಹೇಳಿದರು: “ಅಕ್ಕೋರ, ಇದು ಖಾರದ ಮಾತಲ್ರಿ.” ನಾನು ಏನು ಹೇಳಿದೆ ಅಂತ ಸರಿಯಾಗಿ ನೆನಪಿದೆ. “ಸುಮ್ನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಖಾರ ಸ್ವಲ್ಪ ಕಡಿಮೆ ಮಾಡಿ ನೋಡೋಣ” ಅಂದೆ. ಅವರು ಹೂಂ ಅಂದು ಹೋದರು. ಮರುದಿನದಿಂದ ಖಾರ ಕಡಿಮೆ ಮಾಡಿದರು. ಡಬ್ಬಿಗಳು ಕಡಿಮೆ ಆಗಲಿಲ್ಲ.

ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಇದು. ನಾಲ್ಕು ವರ್ಷದಿಂದ ಆ ಊರಿನ ಮುಖಗಳನ್ನು ನೋಡಿ ಅಳೆದವರು ಅವರು. ಅವರಿಗೆ ಗೊತ್ತಿದ್ದ ವಿಷಯವನ್ನು ನಾನು ಅವರ ಮನಸ್ಸಿನ ಸಂಶಯ ಅಂತ ತಳ್ಳಿಹಾಕಿದೆ. ಎರಡು ವಾರ ಹೀಗೇ ಹೋದವು.

ಕಣ್ಣು ತೆರೆಸಿದ್ದು ಅವರ ಮಗಳು. ಆ ಹುಡುಗಿ ಊಟ ಆದ ಮೇಲೆ ಅವ್ವನ ಜೊತೆ ತಾಟು ಜೋಡಿಸುತ್ತಿದ್ದಳು. ಒಂದು ದಿನ ನಾನು ಪಕ್ಕದಲ್ಲಿ ಹಾದು ಹೋಗುವಾಗ ತನ್ನಷ್ಟಕ್ಕೇ “ಮೂವತ್ತೆಂಟು” ಅಂದಳು. ಏನು ಪುಟ್ಟೀ ಅಂತ ಕೇಳಿದೆ. “ತಾಟುರೀ. ನಿನ್ನೆ ನಲವತ್ತೊಂದಿದ್ವು.” ಅವಳು ದಿನಾ ಎಣಿಸುತ್ತಿದ್ದಳು. ಮೊದಲು ನೂರರ ಮೇಲೆ ಇರುತ್ತಿದ್ದವು ಅನ್ನುವುದೂ ಅವಳಿಗೆ ಗೊತ್ತಿತ್ತು. ಹತ್ತು ವರ್ಷದ ಮಗು ತನ್ನ ಅವ್ವನ ಮರ್ಯಾದೆಯನ್ನು ತಾಟಿನ ಲೆಕ್ಕದಲ್ಲಿ ಇಟ್ಟುಕೊಂಡಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅನುಮಾನವನ್ನು ಪರೀಕ್ಷೆ ಮಾಡಿದ್ದು

ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಯಾರು ಉಣ್ಣುತ್ತಾರೆ, ಯಾರು ಡಬ್ಬಿ ತರುತ್ತಾರೆ, ಯಾವ ದಿನ, ಏನು ಅಡುಗೆ. ಯಾರ ಮೇಲೂ ಸುಮ್ಮನೆ ಜಾತಿಯ ಆರೋಪ ಹೊರಿಸಬಾರದು ಅಂತ ನನಗಿತ್ತು. ಖಾರವೇ ನಿಜವಾದ ಕಾರಣ ಇದ್ದರೆ ಲೆಕ್ಕದಲ್ಲಿ ಕಾಣಬೇಕಲ್ವಾ?

ಮೂವತ್ತೆಂಟರಲ್ಲಿ ಮೂವತ್ತು ತಾಟು ಕೇರಿಯ ಮಕ್ಕಳವು. ಉಳಿದ ಎಂಟು, ಬೆಳಿಗ್ಗೆ ಡಬ್ಬಿ ಕಟ್ಟಿಕೊಡಲು ಮನೆಯಲ್ಲಿ ಯಾರೂ ಇಲ್ಲದ ಮಕ್ಕಳವು. ಬೆಳಗಿನ ಹಾಲನ್ನು ಮಾತ್ರ ಎಲ್ಲರೂ ಕುಡಿಯುತ್ತಿದ್ದರು. ಅದೇ ಕೈ, ಅದೇ ಅಡುಗೆಮನೆ. ಮೊಟ್ಟೆಯ ದಿನ ಇನ್ನೂ ವಿಚಿತ್ರ. ಡಬ್ಬಿಯ ಸಾಲಿನಿಂದ ಮಕ್ಕಳು ಎದ್ದು ಬಂದು ಮೊಟ್ಟೆ ತೆಗೆದುಕೊಂಡು ವಾಪಸ್ ಹೋಗಿ ಕೂರುತ್ತಿದ್ದರು. ಆರನೇ ತರಗತಿಯ ಒಬ್ಬ ಹುಡುಗನನ್ನು ಕೇಳಿದೆ, ಮೊಟ್ಟೆ ನಡೆಯುತ್ತದಾ ಅಂತ. “ಅದರ ಮ್ಯಾಲೆ ಸಿಪ್ಪಿ ಇರ್ತೈತಲ್ರಿ ಅಕ್ಕೋರ” ಅಂದ. ಸಿಪ್ಪೆ ಸುಲಿದು ಉಪ್ಪು ಹಚ್ಚಿಕೊಂಡು ತಿಂದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಮನೆಯಲ್ಲಿ ಹೇಳಿಕೊಟ್ಟ ಲೆಕ್ಕವನ್ನು ಒಪ್ಪಿಸಿದ, ಅಷ್ಟೇ.

ಆಮೇಲೆ ಊಟದವ್ವ ಸಿಂಧನೂರಿನ ತವರಿಗೆ ಅಂತ ನಾಲ್ಕು ದಿನ ರಜೆ ಹೋದರು. ಸಹಾಯಕಿಯೊಬ್ಬರು ಅಡುಗೆ ಮಾಡಿದರು. ಎರಡನೇ ದಿನಕ್ಕೆ ತಾಟು 97. ಖಾರದ ಪುಡಿಯ ಪ್ಯಾಕೆಟ್ಟು ಅದೇ, ಅಳತೆಯೂ ಅದೇ, ಅಕ್ಕಿಯೂ ಅದೇ ಚೀಲದ್ದು. ಐದನೇ ದಿನ ಊಟದವ್ವ ಬಂದರು, ಡಬ್ಬಿಗಳೂ ಬಂದವು.

ಇನ್ನೊಂದು ಹಳೆಯ ಸಂಗತಿ ಆಗ ನೆನಪಿಗೆ ಬಂತು. ಹಿಂದಿನ ಮುಖ್ಯ ಅಡುಗೆಯವರ ಕಾಲದಲ್ಲಿ ಒಮ್ಮೆ ಬೇಳೆಯಲ್ಲಿ ಹುಳು ಸಿಕ್ಕಿತ್ತು. ಗಲಾಟೆ ಆಯಿತು, ಬೇಳೆ ಬದಲಾಯಿತು. ಮರುದಿನ ಒಂದೂ ಡಬ್ಬಿ ಬಂದಿರಲಿಲ್ಲ. ಈಗ ಹುಳು ಇಲ್ಲ, ಸ್ವಚ್ಛತೆಯ ದೂರು ಇದೆ.

ಮಾಡಿ ನೋಡಿದ್ದು

ಮೊದಲು ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, ಭೇದ ಮಾಡುವುದು ಅಪರಾಧ ಅಂತೆಲ್ಲಾ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಅಳತೊಡಗಿದಳು. ಶಾಲೆಯಲ್ಲಿ ಉಂಡರೆ ಮನೆಯಲ್ಲಿ ಬೈಯುತ್ತಾರೆ, ಉಣ್ಣದಿದ್ದರೆ ಅಕ್ಕೋರು ಅಪರಾಧ ಅನ್ನುತ್ತಾರೆ. ಅವಳು ಎಲ್ಲಿಗೆ ಹೋಗಬೇಕು? ದೊಡ್ಡವರ ಜಗಳವನ್ನು ಚಿಕ್ಕವರ ತಲೆಯ ಮೇಲೆ ಇಟ್ಟಿದ್ದೆ. ಭಾಷಣ ನಿಲ್ಲಿಸಿದೆ.

ಸ್ವಚ್ಛತೆಯ ದೂರನ್ನು ದೂರು ಅಂತಲೇ ತೆಗೆದುಕೊಂಡೆ. ಏಪ್ರನ್, ತಲೆಗೆ ಟೋಪಿ, ಆರೋಗ್ಯ ತಪಾಸಣೆ ಎಲ್ಲಾ ಆಯಿತು. ಬಂದು ನೋಡಿ ಅಂತ ತಾಯಂದಿರನ್ನು ಕರೆದೆ. ಇಬ್ಬರು ಬಂದರು. ಡಬ್ಬದ ಮುಚ್ಚಳ ತೆಗೆದು ಬೇಳೆ ನೋಡಿದರು, ಒಲೆ ನೋಡಿದರು, “ಎಲ್ಲಾ ಚಲೋ ಐತ್ರಿ” ಅಂದರು. ಒಂದು ತುತ್ತು ನೋಡ್ರಿ ಅಂದಾಗ “ಮನ್ಯಾಗ ಉಂಡು ಬಂದೀವ್ರಿ” ಅಂದು ಎದ್ದರು.

ತಾಲ್ಲೂಕಿನಿಂದ ಅಧಿಕಾರಿಗಳು ಬಂದರು. ಮಕ್ಕಳ ಜೊತೆ ನೆಲದ ಮೇಲೆ ಕೂತು ಉಂಡರು. ಅವತ್ತು ತಾಟು 90. ಮರುದಿನ 42.

ಕೇರಿಯ ಹುಡುಗರು ಕೇಸ್ ಹಾಕಬೇಕು ಅಂದರು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಸಾಮಾಜಿಕ ಬಹಿಷ್ಕಾರ ಹಾಕುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಲಾಗಿದೆ. ಇದನ್ನು ನಾನೇ ಅವರಿಗೆ ಹೇಳಿದೆ, ಹಾಕುವುದಾದರೆ ನೋಟ್‌ಬುಕ್ ಕೊಡುತ್ತೇನೆ ಅಂತಲೂ ಹೇಳಿದೆ. ಬೇಡ ಅಂದವರು ಊಟದವ್ವ. “ನಾಳೆ ನನ್ನ ಮಗಳು ಅದ ಓಣ್ಯಾಗ ಹಾದು ಸಾಲಿಗೆ ಬರಬೇಕು” ಅಂದರು. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಇದೇ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ಕೇರಿಯ ಮನೆಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕ್ಷೌರದಂಗಡಿ, ಹೋಟೆಲಿನ ಬಾಗಿಲು ಕೇಳಿದ್ದೇ ದೊಡ್ಡ ಮಾತಾಗಿತ್ತು. ಆ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ನಾನು ಹೇಳುತ್ತಿರುವ ಹೊತ್ತಿಗೆ ಆ ತೀರ್ಪು ಇನ್ನೂ ಬಂದಿರಲಿಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತು ಅಂತ 25,000 ರೂಪಾಯಿ ದಂಡ ಕೇಳಿದ ಸುದ್ದಿಯೂ ಹಳೆಯದಾಗಿರಲಿಲ್ಲ. ಕೇಸು ಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ ಅಂತ ಬಿಟ್ಟೆ. ಆದರೆ ಇಲಾಖೆಗೆ ಬರೆದು ತಿಳಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಮೂರು ವಾರ ತಡವಾಗಿ ಮಾಡಿದೆ.

ಸಭೆ

ಜುಲೈನಲ್ಲಿ ಎಸ್‌ಡಿಎಂಸಿ ಸಭೆ ಸೇರಿತು. ಹತ್ತು ನಿಮಿಷದಲ್ಲಿ ಸಹಿ ಹಾಕಿದ್ದ ಜನವೇ ಈ ಸಲ ಎರಡು ಗಂಟೆ ಕೂತರು. ಊರಿನ ಹಿರಿಯರೊಬ್ಬರು, ನನ್ನ ಮೇಲೆ ಗೌರವ ಇಟ್ಟವರೇ, ಒಂದು ದಾರಿ ಹೇಳಿದರು: “ಅಕ್ಕೋರ, ಯಾರ ಹೊಟ್ಟಿ ಮ್ಯಾಲೂ ಹೊಡಿಯೋದು ಬ್ಯಾಡ. ಪಗಾರ ಆಕಿ ಹೆಸರಿಗೇ ಇರಲಿ. ಹಾಲು, ಪಾತ್ರಿ, ಹೆಚ್ಚೋದು ಆಕಿ ಮಾಡಲಿ. ಸೌಟು ಮಾತ್ರ ಇನ್ನೊಬ್ಬಾಕಿ ಹಿಡೀಲಿ. ಊರಾಗ ಗದ್ದಲ ಬ್ಯಾಡ.”

ಕೇಳಲು ಎಷ್ಟು ಸಮಾಧಾನದ ಮಾತು! ನಿಜ ಹೇಳಬೇಕಂದರೆ ನನಗೂ ಅದು ಹಿಡಿಸಿತು. ಕೆಲಸ ಹೋಗುವುದಿಲ್ಲ, ಸಂಬಳ ಕಡಿಮೆ ಆಗುವುದಿಲ್ಲ, ಮಕ್ಕಳು ಉಣ್ಣುತ್ತಾರೆ. ಒಪ್ಪಿಕೊಳ್ಳುವುದಕ್ಕೆ ಒಂದು ಹೆಜ್ಜೆ ಅಷ್ಟೇ ಬಾಕಿ ಇತ್ತು. ಆದರೂ ನಾನು ಅವರನ್ನು ಒಂದು ಮಾತು ಕೇಳಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮೂರಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುತ್ತವೆ, ನೂರಾರು ಊರಿನ ರೊಟ್ಟಿ ಅಲ್ಲಿ ಒಂದೇ ರಾಶಿಯಾಗುತ್ತವೆ, ಮಹಾದಾಸೋಹದಲ್ಲಿ ಕೂತು ನಾವೆಲ್ಲ ಉಣ್ಣುತ್ತೇವೆ. ಆ ರೊಟ್ಟಿ ಯಾರು ಬಡಿದದ್ದು ಅಂತ ಯಾರಾದರೂ ಕೇಳುತ್ತೇವಾ? “ಅದು ಪ್ರಸಾದರೀ. ಅದರ ಮಾತು ಬ್ಯಾರೆ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಟೈಮ್ ಕೇಳಿ ಎದ್ದೆ.

ಆ ಸಂಜೆ ಊಟದವ್ವನ ಮನೆಗೆ ಹೋಗಿ ಅದೇ ದಾರಿಯನ್ನು ಅವರ ಮುಂದೆ ಇಟ್ಟೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ಕೇಳಿದರು: “ಪಗಾರ ನನ್ನ ಹೆಸರಿಗೆ, ಸೌಟು ಅವರ ಕೈಯಾಗ. ಹಂಗಾರ ನಾ ಯಾವ ಕೆಲಸಕ್ಕ ಪಗಾರ ತಗೋಳ್ಳಿ ಅಕ್ಕೋರ? ಕೆಳಗ ಕುಂತು ಭಾಂಡಿ ತಿಕ್ಕಿದಾಗ ನಾ ಸ್ವಚ್ಛ ಇದ್ದೆ. ಎದ್ದು ನಿಂತ ಮ್ಯಾಲೆ ಹೊಲಸಾದ್ನಾ?” ಬಾಗಿಲ ಹತ್ತಿರ ಮಗಳು ನಿಂತಿದ್ದಳು.

ಈ ಪ್ರಕರಣ ತಿರುಗಿದ್ದು ಅಲ್ಲಿ. ಸಭೆಗೆ ಮರಳಿ ಹೋಗಿ ನಡಾವಳಿ ಪುಸ್ತಕದಲ್ಲಿ ಎರಡು ಸಾಲು ಬರೆದೆ. ಮುಖ್ಯ ಅಡುಗೆಯವರು ಬದಲಾಗುವುದಿಲ್ಲ. ಊಟದ ಬಗ್ಗೆ ದೂರು ಇರುವವರು ಕಾರಣವನ್ನು ಬರೆದು ಸಹಿ ಮಾಡಿ ಕೊಡಬೇಕು. ಒಂದು ವಾರ ಕಾದೆ. ಒಂದು ಚೀಟಿಯೂ ಬರಲಿಲ್ಲ.

ನಮ್ಮ ಡಬ್ಬಿ

ಈಗ ಬರೆಯುತ್ತೇನೆ ಅಂದಿದ್ದ ವಿಷಯ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ನಾವು ಆಫೀಸಿಗೆ ಒಂದು ಬಟ್ಟಲು ತರಿಸಿ, ಒಂದು ಚಮಚ ನೋಡಿ, ‘ರುಚಿಯಾಗಿದೆ’ ಅಂತ ಬರೆದು ಸಹಿ ಮಾಡುತ್ತಿದ್ದೆವು. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಐದೂ ಜನ ನಮ್ಮ ನಮ್ಮ ಡಬ್ಬಿ ತೆರೆಯುತ್ತಿದ್ದೆವು. ವರ್ಷಗಟ್ಟಲೆ ಹೀಗೇ ನಡೆದಿತ್ತು. ನಾನು ಡಬ್ಬಿ ತರುತ್ತಿದ್ದದ್ದು ಜಾತಿಗಾಗಿ ಅಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲೆ. ಆದರೆ ಊಟದವ್ವನಿಗೆ, ಅವರ ಮಗಳಿಗೆ, ವರಾಂಡದಲ್ಲಿ ಕೂತ ಮಕ್ಕಳಿಗೆ ಕಾಣುತ್ತಿದ್ದದ್ದು ಐದು ಡಬ್ಬಿ ಮಾತ್ರ. ಊರಿನವರಿಗೂ ಅದು ಕಂಡಿತ್ತು. ಒಬ್ಬ ತಂದೆ ಕೇಳಿಯೇಬಿಟ್ಟರು: “ನೀವು ಉಣ್ತೀರೇನ್ರಿ?”

ಶಿಕ್ಷಕರ ಕೊಠಡಿಯಲ್ಲಿ ಆ ದಿನ ನಡೆದ ಮಾತು ಸುಲಭದ್ದಾಗಿರಲಿಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಅವರನ್ನು ಒತ್ತಾಯ ಮಾಡಲಿಲ್ಲ. ಇನ್ನೊಬ್ಬರು “ನನ್ನ ಊಟ ನನ್ನ ಇಷ್ಟ” ಅಂದರು, ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂವರು ಡಬ್ಬಿ ಬಿಟ್ಟೆವು. ರುಚಿ ನೋಡುವುದನ್ನು ಆಫೀಸಿನಿಂದ ವರಾಂಡಕ್ಕೆ ತಂದೆವು. ತಾಟು ಹಿಡಿದು ಮಕ್ಕಳ ನಡುವೆ ಕೂತು ಉಂಡೆವು. ಡಬ್ಬಿ ತಂದವರಿಗೆ ಒಂದು ಮಾತೂ ಅನ್ನಲಿಲ್ಲ. ಎರಡು ಸಾಲನ್ನು ಮಾತ್ರ ತೆಗೆದೆವು. ಡಬ್ಬಿಯವರು, ತಾಟಿನವರು ತರಗತಿವಾರು ಒಟ್ಟಿಗೆ ಕೂರಬೇಕು, ಅಷ್ಟೇ ನಿಯಮ. ಎರಡು ವಾರದಲ್ಲಿ ತಾಟು ಐವತ್ತು ದಾಟಿತು.

ನಾಟಿಯ ದಿನಗಳು

ಇದೆಲ್ಲದರಿಂದ ಊರಿನ ಮನಸ್ಸು ಬದಲಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ತಾಯಂದಿರು ಬೆಳಿಗ್ಗೆ ಆರಕ್ಕೇ ಗದ್ದೆಗೆ ಹೊರಟರು. ಡಬ್ಬಿ ಕಟ್ಟಲು ಮನೆಯಲ್ಲಿ ಯಾರೂ ಇಲ್ಲ. ಮೂರು ದಿನ ಕೆಲವು ಮಕ್ಕಳು ಬಿಸ್ಕತ್ತು ತಿಂದು ಕೂತರು. ನಾಲ್ಕನೇ ದಿನ ಪಕ್ಕದಲ್ಲಿ ಕೂತ ಗೆಳೆಯನ ತಾಟಿನಿಂದ ಬಿಸಿ ಅನ್ನದ ವಾಸನೆ ಬಂದರೆ ಯಾವ ಮಗು ತಡೆದುಕೊಳ್ಳುತ್ತದೆ? ತಾಟು 71 ಆಯಿತು, ಆಮೇಲೆ 86. ಒಂದು ಮಧ್ಯಾಹ್ನ ಟಣ್ ಟಣ್ ಸದ್ದು ಕೇಳಿಸಿತು. ಊಟದವ್ವ ಅದನ್ನು ನಿಲ್ಲಿಸಿದ್ದರು ಅನ್ನುವುದು ನನಗೆ ಗೊತ್ತಾದದ್ದೇ ಅದು ಮತ್ತೆ ಕೇಳಿಸಿದಾಗ.

ಆ ಗದ್ದೆಗಳಲ್ಲಿ ಸಸಿ ಹಚ್ಚುತ್ತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೇರಿಯ ಹೆಣ್ಣುಮಕ್ಕಳೇ. ಅವರ ಕೈ ಸೋಕಿದ ಸಸಿಯೇ ತೆನೆಯಾಗಿ, ಅಕ್ಕಿಯಾಗಿ ಎಲ್ಲರ ಮನೆ ಸೇರುತ್ತದೆ. ಅದಕ್ಕೆ ಮೈಲಿಗೆ ಇಲ್ಲ. ಅದೇ ಅಕ್ಕಿಗೆ ನೀರು ಹಾಕಿ ಒಲೆಯ ಮೇಲಿಟ್ಟ ಕೂಡಲೇ ಮೈಲಿಗೆ ಹುಟ್ಟಿಕೊಳ್ಳುತ್ತದೆ.

ಏಳು ಮಕ್ಕಳು ಶಾಲೆ ಬಿಟ್ಟರು. ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗತೊಡಗಿದರು. ಇಂಗ್ಲಿಷ್ ಸಲುವಾಗಿ ಅಂತ ಹೇಳಿದರು. ಇಬ್ಬರ ವಿಷಯದಲ್ಲಿ ಅದು ನಿಜವೇ ಇರಬೇಕು, ಹಿಂದಿನ ವರ್ಷದಿಂದಲೂ ಆ ಮಾತು ಆಡುತ್ತಿದ್ದರು. ಉಳಿದ ಐವರ ಬಗ್ಗೆ ನನ್ನ ನೋಟ್‌ಬುಕ್ ಬೇರೆ ಹೇಳುತ್ತದೆ. ಐವರೂ ನೋಟ್‌ಬುಕ್ ಇಟ್ಟ ಮೊದಲ ವಾರದಲ್ಲೇ ಡಬ್ಬಿ ತಂದವರು.

ಬೇರೆ ಶಾಲೆಯವರಿಗೆ

ಇಂಥದ್ದು ಎದುರಾದರೆ ಏನು ಮಾಡಬೇಕು ಅಂತ ಹೊಸ ಮುಖ್ಯ ಶಿಕ್ಷಕರು ನನ್ನನ್ನು ಕೇಳುತ್ತಾರೆ. ಮೊದಲು ನೋವು ಉಂಡವರ ಮಾತನ್ನು ನಂಬಿ ಅನ್ನುತ್ತೇನೆ. ನಂಬುವುದು ಅಂದರೆ ಪರೀಕ್ಷೆ ಮಾಡದೆ ತೀರ್ಪು ಕೊಡುವುದು ಅಂತಲ್ಲ, ಆ ಮಾತನ್ನು ಹಿಡಿದುಕೊಂಡು ಹುಡುಕಲು ಹೊರಡುವುದು. ಆಮೇಲೆ ಹೇಳುತ್ತಿರುವ ಕಾರಣ ಎಲ್ಲರಿಗೂ ಒಂದೇ ಥರ ಅನ್ವಯ ಆಗುತ್ತಿದೆಯಾ ಅಂತ ನೋಡಿ. ಖಾರ ಅಂದರೆ ಯಾರು ಮಾಡಿದರೂ ಖಾರವೇ. ಒಬ್ಬರು ಮಾಡಿದಾಗ ಮಾತ್ರ ಖಾರ ಆದರೆ ಅಲ್ಲಿ ನಿಂತು ಯೋಚಿಸಿ. ಬಾಯಿಮಾತಿನ ದೂರನ್ನು ಬರೆದು ಕೊಡಲು ಹೇಳಿ. ನನ್ನ ಅನುಭವದಲ್ಲಿ ಇದರಷ್ಟು ಕೆಲಸ ಮಾಡಿದ್ದು ಬೇರೆ ಇಲ್ಲ.

ಮತ್ತೆ ಆ ಸಮಾಧಾನದ ದಾರಿಯ ಬಗ್ಗೆ ಎಚ್ಚರ ಇರಲಿ. ಅದನ್ನು ತರುವವರು ಕೆಟ್ಟವರಾಗಿರುವುದಿಲ್ಲ. ಊರಿನ ಶಾಂತಿ ಬಯಸುವವರೇ. ಆದರೆ ಆ ಶಾಂತಿಗೆ ಬೆಲೆ ಕೊಡುವವರು ಒಬ್ಬರೇ ಆಗಿರುತ್ತಾರೆ, ಅವರನ್ನು ಸಭೆಗೆ ಕರೆದಿರುವುದೂ ಇಲ್ಲ. ನಮ್ಮ ಎರಡು ಗಂಟೆಯ ಸಭೆಯಲ್ಲಿ ಊಟದವ್ವ ಇರಲಿಲ್ಲ. ಅದು ನನಗೆ ಹೊಳೆದದ್ದು ಅವರ ಮನೆಯ ಕಟ್ಟೆಯ ಮೇಲೆ ಕೂತ ಮೇಲೆ. ಈಗಿನ ನಾನಾದರೆ ಅವರಿಲ್ಲದೆ ಆ ಸಭೆಯನ್ನೇ ಶುರು ಮಾಡುತ್ತಿರಲಿಲ್ಲ.

ಇನ್ನೂ ಬಗೆಹರಿಯದ್ದು ಒಂದಿದೆ. ಆ ಮಗಳು. ಡಬ್ಬಿಗಳ ದಿನಗಳಲ್ಲಿ ಅವಳು ಹಸಿವಿಲ್ಲ ಅಂತ ಹೇಳಿ ಊಟ ಬಿಡುತ್ತಿದ್ದಳು. ತಾಟಿನ ಸಂಖ್ಯೆ ಏರಿದ ಮೇಲೂ ಎಷ್ಟೋ ದಿನ ಎಲ್ಲರ ಊಟ ಮುಗಿದ ಮೇಲೇ ಉಣ್ಣುತ್ತಿದ್ದಳು. ಅವಳ ಜೊತೆ ಕೂತು ಮಾತಾಡಬೇಕಿತ್ತು. ಸಭೆ, ಪತ್ರ, ಅಧಿಕಾರಿಗಳು ಅಂತ ಓಡಾಡಿದೆ, ಅದಕ್ಕೆ ಮಾತ್ರ ಪುರುಸೊತ್ತು ಮಾಡಿಕೊಳ್ಳಲಿಲ್ಲ.

ವರ್ಷದ ಕೊನೆಗೆ

ಮಾರ್ಚ್ ಹೊತ್ತಿಗೆ ಉಳಿದ 105 ಮಕ್ಕಳಲ್ಲಿ ಡಬ್ಬಿ ತರುವವರು ಒಂಬತ್ತು ಜನ. ಆ ಹಿರಿಯರ ಮೊಮ್ಮಗನೂ ಅವರಲ್ಲಿ ಒಬ್ಬ. ಅವನು ಮತ್ತು ಅವನ ಗೆಳೆಯ ಊಟಕ್ಕೆ ಕೂತ ಮೇಲೆ ಡಬ್ಬಿ ತೆಗೆದು, ರೊಟ್ಟಿ ಮುರಿದು, ಡಬ್ಬಿಯ ಮುಚ್ಚಳವನ್ನು ಮುಂದೆ ಚಾಚುತ್ತಿದ್ದರು. ಊಟದವ್ವ ಏನೂ ಮಾತಾಡದೆ ಅದರಲ್ಲಿ ಒಂದು ಸೌಟು ಸಾಂಬಾರು ಹಾಕಿ ಮುಂದಕ್ಕೆ ಹೋಗುತ್ತಿದ್ದರು. ಉಂಡ ಮೇಲೆ ಇಬ್ಬರೂ ನಲ್ಲಿಯ ಹತ್ತಿರ ಹೋಗಿ ಮುಚ್ಚಳವನ್ನು ಚೆನ್ನಾಗಿ ತೊಳೆದು ಒರೆಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.